ಕೆಳಮನೆ ಮಾಮನ ಬೆನ್ನುನೋವು

ಮದರಾಸಿನ ಪ್ಯಾರೀಸ್ ಕಾರ್ನರ್‌ನಲ್ಲಿ ಬಸ್ ಹತ್ತಿ ಕೂತಿದ್ದೆ. ಪಕ್ಕದಲ್ಲಿದ್ದ ಮುದುಕರ ಅಂಗಿಯಿಂದ ನೋವಿನ ತೈಲದ ವಾಸನೆ ಗಪ್ಪನೆ ಬಡಿಯಿತು. ಕರ್ಪೂರ, ನೀಲಗಿರಿ, ಜೊತೆಗೆ ಎಂಥದೋ ಬೇರಿನ ಕಮಟು... ಇಷ್ಟು ವರ್ಷವಾದರೂ ಆ ವಾಸನೆಗೆ ನನಗೆ ದುಃಖಕ್ಕಿಂತ ಮೊದಲು ಸಿಟ್ಟು ಬರುತ್ತದೆ.

ತ್ರಿಪ್ಲಿಕೇನಿನಲ್ಲಿ ನಾವು ಬಾಡಿಗೆಗಿದ್ದ ಮನೆಯ ಯಜಮಾನರ ಮೈಯಿಂದ ಬರುತ್ತಿದ್ದ ವಾಸನೆ ಅದು. ನಾವು ಮಹಡಿಯಲ್ಲಿ, ಅವರು ಕೆಳಗೆ. ಹಾಗಾಗಿ ನಮಗೆ ಕೆಳಮನೆ ಮಾಮ. ಅವರದು ಅಜ್ಜನ ಕಾಲದಿಂದ ಮದರಾಸಿನಲ್ಲೇ ಇದ್ದ ಮನೆತನ. ಒಳಗೆ ಕನ್ನಡ, ಗೇಟು ದಾಟಿದರೆ ತಮಿಳು. ರೈಲ್ವೆ ಸ್ಟೇಷನ್ನಿನ ವಿಚಾರಣೆ ಕೌಂಟರಿನಲ್ಲಿ ಕೆಲಸ ಮಾಡಿ ರಿಟೈರಾಗಿದ್ದರು. ಯಾರು ಏನು ಕೇಳಿದರೂ ಬೇಸರಪಡದೆ ಉತ್ತರ ಹೇಳಿದ ಮನುಷ್ಯ. ಅವರೇ ಒಂದು ಪ್ರಶ್ನೆ ಕೇಳಿದಾಗ ಮಾತ್ರ ಎಲ್ಲರೂ ಬಾಯಿ ಮುಚ್ಚಿಕೊಂಡರು.

ಬೆನ್ನುನೋವು ಶುರುವಾದಾಗ ನಮ್ಮ ಬೀದಿಯ ಡಾಕ್ಟರು, "ವಯಸ್ಸು, ತೈಲ ಹಚ್ಚಿ" ಎಂದರು. ಮೂತ್ರ ಕಟ್ಟಿ ಕಟ್ಟಿ ಬರುತ್ತದೆ ಎಂದು ಮಾಮ ಸಂಕೋಚ ಬಿಟ್ಟು ಹೇಳಿದರೆ ನಕ್ಕುಬಿಟ್ಟರಂತೆ. ಮಾಮಿ ದಿನವೂ ತೈಲ ತಿಕ್ಕಿದರು. ನೋವು ಏರುತ್ತಲೇ ಹೋಯಿತು. ಕೊನೆಗೆ ದೊಡ್ಡ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದಾಗ ಗೊತ್ತಾಯಿತು, ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್, ಆಗಲೇ ಬೆನ್ನಿನ ಮೂಳೆಗೆ ಹರಡಿದೆ.

ಇದು ಮಗನಿಗೆ ಗೊತ್ತು, ಮಾಮಿಗೆ ಗೊತ್ತು, ನನಗೆ ಗೊತ್ತು, ಬಾಗಿಲಿಗೆ ಹೂ ತರುವವಳಿಗೂ ಗೊತ್ತು. ಮಾಮನಿಗೆ ಮಾತ್ರ "ಮೂಳೆ ಸವೆದಿದೆ" ಎಂದು ಹೇಳಿಸಿದ್ದ ಮಗ. ತಿಳಿದರೆ ಧೈರ್ಯ ಕಳಕೊಳ್ಳುತ್ತಾರೆ ಅಂತೆ. ದೊಡ್ಡ ಡಾಕ್ಟರೂ ಮಾಮನ ತಲೆಯ ಮೇಲಿಂದ, ಕಾಯಿಲೆಯ ಹೆಸರೆತ್ತದೆ, ಮಗನ ಜೊತೆ ಇಂಗ್ಲಿಷಿನಲ್ಲಿ ಮಾತಾಡಿ ಕಳಿಸುತ್ತಿದ್ದರು. ಜೀವಮಾನವಿಡೀ ಇಂಗ್ಲಿಷಿನಲ್ಲಿ ಉತ್ತರ ಹೇಳಿದವರ ಎದುರಿಗೆ! ನೋಡಲು ಬಂದ ನೆಂಟರೋ, ಕಾಫಿ ಜಾಸ್ತಿಯಾಯಿತು, ಯಾವ ಜನ್ಮದ ಪಾಪವೋ ಎಂದು ಹಜಾರದಲ್ಲೇ ಕೂತು ತೀರ್ಪು ಕೊಡುತ್ತಿದ್ದರು.

ಒಂದು ದಿನ ಮಗನಿಗೆ ಆಫೀಸಿನಲ್ಲಿ ರಜೆ ಸಿಗಲಿಲ್ಲ. ಆಸ್ಪತ್ರೆಗೆ ನಾನು ಜೊತೆಯಾದೆ. ಅಂದು ಇದ್ದವಳು ಬೇರೆ, ಚಿಕ್ಕ ವಯಸ್ಸಿನ ಡಾಕ್ಟರ್. ಅವಳೂ ನನ್ನ ಕಡೆ ತಿರುಗಿಯೇ ಮಾತು ಶುರು ಮಾಡಿದಳು. ಮಾಮ ತಡೆದು, ತಮಿಳಿನಲ್ಲಿ ಮೆಲ್ಲಗೆ, "ಡಾಕ್ಟರಮ್ಮಾ, ಬೆನ್ನು ನನ್ನದು. ನನಗೆ ಹೇಳಿ" ಎಂದರು.

ಅವಳು ಕುರ್ಚಿಯನ್ನು ಅವರ ಮುಂದಕ್ಕೆ ಎಳೆದುಕೊಂಡು ಎಲ್ಲವನ್ನೂ ಹೇಳಿದಳು.

"ಅಲ್ಲಿಂದ ಮೂಳೆಗೇ ಯಾಕೆ ಬಂತು?" ಮಾಮ ಕೇಳಿದರು.

ಮೂಳೆ ಒಣಕಟ್ಟಿಗೆ ಅಲ್ಲ, ಅಲ್ಲಿ ದಿನವೂ ಒಡೆಯುವುದು ಕಟ್ಟುವುದು ನಡೆದೇ ಇರುತ್ತದೆ ಎಂದಳು. ಮೈಗೆ ಪೆಟ್ಟು ಬಿದ್ದಾಗ ಅದನ್ನು ವಾಸಿ ಮಾಡಲು ಜೀವಕೋಶಗಳು ಒಂದಕ್ಕೊಂದು ಕಳಿಸುವ ಸಂದೇಶದ ರಾಸಾಯನಿಕಗಳಿವೆ, ಸೈಟೊಕೈನ್ ಅಂತ; ಊತ, ಉರಿ ತರುವಂಥವೂ ಅವುಗಳಲ್ಲಿವೆ. ಕ್ಯಾನ್ಸರ್ ತಾನೂ ಅವನ್ನು ಕಳಿಸುತ್ತದೆ, ಮೂಳೆಯೂ ಕಳಿಸುವಂತೆ ಮಾಡುತ್ತದೆ. ಮೂಳೆ ಅಡ್ಡಾದಿಡ್ಡಿ ಒಡೆದು ಬೆಳೆಯುತ್ತದೆ. ಒಡೆದಾಗ ಮೂಳೆಯಿಂದ ಹೊರಬೀಳುವ ವಸ್ತುಗಳೇ ಕ್ಯಾನ್ಸರಿಗೆ ಆಹಾರ. ಅದು ಬೆಳೆದಷ್ಟೂ ಸಂದೇಶ ಹೆಚ್ಚು.

"ಅಂದ್ರೆ ವಾಸಿ ಮಾಡೋಕೆ ಇರೋದನ್ನೇ ಅದು ಉಪಯೋಗಿಸ್ಕೊಳ್ತದೆ. ನಿಲ್ಲಿಸೋಕೆ ಆಗಲ್ವಾ?"

"ಆ ಸಂದೇಶಗಳನ್ನು ಪೂರ್ತಿ ತಡೆಯೋದು ಹೇಗೆ ಅಂತ ಇನ್ನೂ ಹುಡುಕ್ತಿದ್ದಾರೆ ಸಾರ್. ಹಾರ್ಮೋನ್ ಔಷಧಿಯಿಂದ ಕ್ಯಾನ್ಸರನ್ನು ನಿಧಾನ ಮಾಡಬಹುದು, ನೋವು ಕಡಿಮೆ ಮಾಡಬಹುದು. ಪೂರ್ತಿ ವಾಸಿ ಆಗಲ್ಲ."

"ನಾನು ಏನಾದ್ರೂ ತಪ್ಪು ಮಾಡಿದ್ನಾ? ಕಾಫಿ..."

"ಇಲ್ಲ ಸಾರ್. ನೀವೇನೂ ಮಾಡಿಲ್ಲ."

ಮಾಮ ಕಣ್ಣು ಮುಚ್ಚಿಕೊಂಡರು. ಆ ಮುಖದಲ್ಲಿ ನಾನು ಕಂಡದ್ದು ಹೆದರಿಕೆಯಲ್ಲ... ಅದಕ್ಕೇನು ಹೆಸರೋ ಗೊತ್ತಿಲ್ಲ.

ಸಂಜೆ ಮಗ ಮಹಡಿ ಮೆಟ್ಟಿಲು ಹತ್ತಿ ಬಂದ. "ನಮ್ಮ ಮನೆ ವಿಷಯ ನಿಮಗೆ ಯಾಕ್ರೀ?" ಎಂದು ಶುರುಮಾಡಿ ಸಿಟ್ಟಿನಲ್ಲಿ ತಮಿಳಿಗೆ ಜಾರಿದ. "ನಿಮ್ಮ ಮನೆ ವಿಷಯ ಅಲ್ಲಪ್ಪ, ಅವರ ಮೈ ವಿಷಯ" ಎಂದೆ. ಕೆಳಗಿನಿಂದ ಮಾಮನ ದನಿ ಬಂತು. "ಅವ್ರನ್ನ ಬಯ್ಬೇಡ. ಕೇಳಿದ್ದು ನಾನು."

ಆಮೇಲೆ ಔಷಧಿ ಹಿಡಿಯಿತು, ನೋವು ತಗ್ಗಿತು. ತೈಲದ ಬಾಟಲಿಗಳನ್ನು ಮಾಮಿ ಎತ್ತಿ ಹೊರಗೆ ಹಾಕಿದರು. ಪಾಪ ಪುಣ್ಯ ಎಂದು ಬಂದ ನೆಂಟರಿಗೆ ಮಾಮ ಸೈಟೊಕೈನ್ ವಿವರಿಸಿ ಸುಸ್ತು ಮಾಡುತ್ತಿದ್ದರು. ಒಂದು ವರ್ಷದ ಮೇಲೆ ಕಾಯಿಲೆ ಮತ್ತೆ ಏರಿದಾಗ, ಇನ್ನು ಆಸ್ಪತ್ರೆ ಬೇಡ, ನೋವಿಗಷ್ಟೇ ಔಷಧಿ ಸಾಕು ಎಂದರು. ತಮ್ಮ ಮಂಚದ ಮೇಲೆ, ಮಾಮಿಯ ಕೈ ಹಿಡಿದುಕೊಂಡೇ ಹೋದರು.

ಈಗ ನಾವು ಮಾಧವರಂನಲ್ಲಿದ್ದೇವೆ. ವರ್ಷದ ತಿಥಿಗೆ ಮಾಮಿ ತಪ್ಪದೆ ಕರೆಯುತ್ತಾರೆ. ಈ ಸಲವೂ ಎಲೆಯ ಮುಂದೆ ಮಗ ಅದನ್ನೇ ಹೇಳಿದ. "ಗೊತ್ತಾಗದೇ ಇದ್ದಿದ್ರೆ ಅಪ್ಪ ಇನ್ನೂ ನಾಲ್ಕು ವರ್ಷ ಇರ್ತಿದ್ರು." ನೆಂಟರು ತಲೆಯಾಡಿಸಿದರು. ನಾನು ಎಲೆ ಮಡಿಸಿ ಎದ್ದೆ.

ಕೈತೊಳೆಯಲು ಹಿತ್ತಿಲಿಗೆ ಹೋದಾಗ ಮಾಮಿ ಚೊಂಬಿನಿಂದ ನೀರು ಹಾಕುತ್ತ ಅಂದರು, "ಅವನು ಏನಾದ್ರೂ ಹೇಳ್ಕೊಳ್ಳಲಿ ಅಮ್ಮಾ. ಮೊದ್ಲು ದಿನಾ ಅವರ ಮುಖ ನೋಡಿ ಸುಳ್ಳು ಹೇಳ್ಬೇಕಾಗಿತ್ತು. ಕಡೇ ಒಂದು ವರ್ಷ ನಾವಿಬ್ರೂ ನಿಜ ಮಾತಾಡ್ಕೊಂಡಿದ್ವಿ."

ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಒದ್ದೆ ಕೈಯಲ್ಲೇ ಅವರ ಭುಜ ಹಿಡಿದುಕೊಂಡು ನಿಂತೆ.