ನೈಟಿ ಪೀಸು ಬಸ್ಸು ಹತ್ತಿದ್ದು

ಸ್ವಲ್ಪ ತಡೆಯಿರಿ. ಸೆಕೆಗಾಲಕ್ಕೆ ಕಡಿಮೆ ಖರ್ಚಿನಲ್ಲಿ ಚೆಂದದ ಬಟ್ಟೆ ಹೇಗೆ ಹೊಂದಿಸಿಕೊಳ್ಳುವುದು ಎಂದು ಕೇಳಿದರೆ ನನ್ನಲ್ಲೊಂದು ಉತ್ತರವಿದೆ. ಆದರೆ ಅದು ಈಗ ಬಚ್ಚಲಿನ ಬಕೆಟಿನಲ್ಲಿ ನೆನೆಯುತ್ತಿದೆ. ನೀಲಿ ಬಟ್ಟೆ, ಮೇಲೆ ಅಕ್ಕಿಕಾಳಿನಷ್ಟು ಸಣ್ಣ ಬಿಳಿ ಹೂ, ನೀರಿಗೆ ಒಂದು ಮುಷ್ಟಿ ಕಲ್ಲುಪ್ಪು. ಅದು ನೆನೆಯುವಷ್ಟು ಹೊತ್ತು ನೀವು ನನ್ನ ಜೊತೆ ಕೂರಬೇಕು.

ಹೊಸ ಹತ್ತಿಬಟ್ಟೆ ನೀರಿಗೆ ಬಿದ್ದ ಕೂಡಲೇ ಗಂಜಿಯ ವಾಸನೆ ಬರುತ್ತದಲ್ಲ, ಕುಚ್ಚಲಕ್ಕಿ ಅನ್ನ ಬಸಿಯುವಾಗ ಬರುವಂಥದ್ದು, ಆ ವಾಸನೆ ಬಂದರೆ ನನಗೆ ಕಾಪುವಿನ ವಾರಿಜ ದೊಡ್ಡಮ್ಮನ ಚಾವಡಿಯೇ ಎದುರು ಬಂದು ನಿಲ್ಲುತ್ತದೆ.

ಮೊದಲು ನನ್ನ ವಿಷಯ ಹೇಳಿಬಿಡುತ್ತೇನೆ. ಹೊಲಿಗೆಯನ್ನು ನಾನು ಯಾವ ಕ್ಲಾಸಿಗೂ ಹೋಗಿ ಕಲಿತವಳಲ್ಲ, ಮೊಬೈಲು ನೋಡಿ ಕಲಿತವಳು. ಅಲೆವೂರಿನಿಂದ ಮಣಿಪಾಲಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ಹಲ್ಲಿನ ಕ್ಲಿನಿಕ್ಕೊಂದರಲ್ಲಿ ಚೀಟಿ ಬರೆಯುವುದು ನನ್ನ ಕೆಲಸ. ಹಲ್ಲು ತೋರಿಸಲು ಬಂದವರು ಏನು ಹಾಕಿಕೊಂಡಿದ್ದಾರೆಂದು ನೋಡುವುದು ನನ್ನ ಚಟ. ಮಣಿಪಾಲದಲ್ಲಿ ಓದುವ ಹುಡುಗಿಯರು ಸಡಿಲ ಅಂಗಿ, ಅಗಲ ಪ್ಯಾಂಟು ಹಾಕಿ ಬರುತ್ತಾರೆ. ಬಟ್ಟೆಗೂ ಮೈಗೂ ನಡುವೆ ಒಂದು ಗಾಳಿ ಹೋಗಿಬರುವಷ್ಟು ಜಾಗ. ನಾನೋ ಪಾಲಿಸ್ಟರ್ ಚೂಡಿದಾರದೊಳಗೆ ಇಡ್ಲಿಯ ಹಾಗೆ ಬೇಯುತ್ತಾ ಕುಳಿತಿರುತ್ತಿದ್ದೆ. ಒಂದು ದಿನ ಧೈರ್ಯ ಮಾಡಿ ಅಂಗಡಿಗೆ ಹೋಗಿ ಅಂಥದ್ದೇ ಒಂದು ಅಂಗಿಯನ್ನು ಮುಟ್ಟಿದೆ. ಚೀಟಿಯಲ್ಲಿದ್ದ ಬೆಲೆ ನೋಡಿ ಕೈ ತಾನಾಗಿ ಹಿಂದೆ ಬಂತು. ಆದರೆ ಬೆರಳಿಗೆ ಆ ಬಟ್ಟೆಯ ಗುರುತು ಸಿಕ್ಕಿತ್ತು. ದೊಡ್ಡಮ್ಮನ ಮನೆಯಲ್ಲಿ ರಾಶಿ ಬಿದ್ದಿರುವ ನೈಟಿ ಪೀಸಿನ ಬಟ್ಟೆಯೇ ಅದು.

ಆವತ್ತಿನಿಂದ ನನಗೆ ಹುಚ್ಚು ಹಿಡಿಯಿತು. ಉಡುಪಿಯ ಬಸ್ ನಿಲ್ದಾಣದ ಹತ್ತಿರದ ಓಣಿಯಲ್ಲಿ ನೈಟಿಗೆಂದು ಅಳೆದು ಕತ್ತರಿಸಿದ ಈ ಪೀಸುಗಳನ್ನು ರಾಶಿ ಹಾಕಿ ಮಾರುತ್ತಾರೆ. ಅಲ್ಲಿಂದ ತಂದು ಮೊದಲ ಅಂಗಿ ಹೊಲಿದೆ. ಅಮ್ಮ ನೋಡಿ, "ಒಂದು ತೋಳು ಶಾಲೆಗೆ ಹೋಗಿ ಬೆಳೆದಿದೆ, ಇನ್ನೊಂದು ಇನ್ನೂ ಅಂಗನವಾಡಿಯಲ್ಲೇ ಉಂಟು" ಎಂದರು. ಎರಡನೆಯದು ಚೆನ್ನಾಗಿಯೇ ಬಂತು, ಆದರೆ ಒಗೆದ ಮೇಲೆ ಹೊಕ್ಕುಳಿಗೆ ಬಂತು. ಕತ್ತರಿ ಹಾಕುವ ಮೊದಲು ನೆನೆಸಬೇಕು ಎಂದು ನಾನು ಕಲಿತದ್ದು ಹಾಗೆ. ಬೆವರಿನ ಕಲೆ ಬೂದು ಬಣ್ಣದಲ್ಲಿ ಊರಿಗೆಲ್ಲ ಕಾಣುತ್ತದೆ, ಸಣ್ಣ ಹೂವಿನಲ್ಲಿ ಅಡಗುತ್ತದೆ ಎಂದು ಕಲಿತದ್ದು ಬಸ್ಸಿನಲ್ಲಿ. ಒಂದು ಕಪ್ಪು, ಒಂದು ಕೆನೆಬಣ್ಣದ ಕೋರಾ ಬಿಳಿ, ಎರಡೇ ಪ್ಯಾಂಟು ಇದ್ದರೆ ಆರು ಅಂಗಿಗೆ ಸಾಕು ಎಂಬುದು ಮಾತ್ರ ನನ್ನ ಸ್ವಂತ ಸಂಶೋಧನೆ. ಅಷ್ಟಕ್ಕೇ ನಾನು ದೊಡ್ಡ ಡಿಸೈನರು ಎಂದುಕೊಂಡು ತಿರುಗುತ್ತಿದ್ದೆ.

ಇನ್ನು ದೊಡ್ಡಮ್ಮ. ಅಮ್ಮನ ಅಕ್ಕ. ಕಾಪುವಿನಲ್ಲಿ ಸಮುದ್ರದ ಗಾಳಿ ತಾಗುವ ಒಂದು ಓಣಿಯಲ್ಲಿ ಮನೆ. ಚಾವಡಿಯಲ್ಲಿ, ಅಂದರೆ ಮನೆಯ ಮುಂದಿನ ಪಡಸಾಲೆಯಲ್ಲಿ, ಹೊಲಿಗೆ ಮೆಷಿನು. ಆ ಓಣಿಯ ಹೆಂಗಸರ ಮೈಮೇಲಿರುವ ನೈಟಿಗಳೆಲ್ಲ ಅವರ ಕೈಯಲ್ಲಿ ಹೊಲಿದದ್ದು. ಅವರು ಮನೆಯಲ್ಲಿ ನೈಟಿ, ಹೊರಗೆ ಸೀರೆ. ಮಧ್ಯದ್ದು ಯಾವುದೂ ಇಲ್ಲ.

ನಮ್ಮ ಕಡೆ ನೈಟಿಗೆ ಒಂದು ಗಡಿ ಇದೆ, ನಿಮಗೂ ಗೊತ್ತಿರಬಹುದು. ಅಡುಗೆಮನೆಯಿಂದ ಅಂಗಳದವರೆಗೆ ಬರೀ ನೈಟಿ. ಗೇಟಿನಾಚೆ ಮೀನಿನ ಸ್ಕೂಟರು ನಿಂತರೆ ಹೆಗಲಿಗೊಂದು ಬೈರಾಸು, ಅಂದರೆ ನಮ್ಮ ತೆಳು ಟವೆಲು. ಬೈರಾಸು ಬಿದ್ದ ಕೂಡಲೇ ನೈಟಿಗೆ ಮರ್ಯಾದೆ ಬರುತ್ತದೆ. ಆ ಮರ್ಯಾದೆಯಲ್ಲಿ ಪಕ್ಕದ ಮನೆಗೆ, ಹಾಲಿನ ಡೈರಿಗೆ, ಅಂಗನವಾಡಿಗೆ ಹೋಗಬಹುದು. ಬಸ್ ಸ್ಟಾಪಿಗೆ ಮಾತ್ರ ಹೋಗುವಂತಿಲ್ಲ. ಯಾರೂ ಬರೆದಿಟ್ಟ ಕಾನೂನಲ್ಲ, ಆದರೂ ಯಾರೂ ಮೀರಿದವರಿಲ್ಲ.

ಎರಡು ಬೇಸಿಗೆಯ ಹಿಂದೆ ದೊಡ್ಡಮ್ಮನ ಬಲಭುಜ ಹಿಡಿದುಕೊಂಡಿತು. ಕೈ ಕೆಳಗಿರುವವರೆಗೆ ತೊಂದರೆಯಿಲ್ಲ, ಹೊಲಿಗೆ ನಡೆಯುತ್ತಿತ್ತು. ಎದೆಗಿಂತ ಮೇಲೆ ಎತ್ತಿದರೆ ಜೀವ ಹೋಗುವ ನೋವು. ಗೋಡೆಯ ಮೇಲೆ ಬೆರಳುಗಳನ್ನು ಹತ್ತಿಸಬೇಕೆಂದು ಡಾಕ್ಟರು ಹೇಳಿದ್ದರು. ದೊಡ್ಡಮ್ಮ ದಿನಾ ಹತ್ತಿಸಿ, ಎಲ್ಲಿಯವರೆಗೆ ಮುಟ್ಟಿತೋ ಅಲ್ಲಿ ಬಟ್ಟೆಗೆ ಗುರುತು ಹಾಕುವ ಚಾಕಿನಿಂದ ಒಂದು ಗೆರೆ ಎಳೆಯುತ್ತಿದ್ದರು. ಗೆರೆಗಳು ಒಂದರ ಮೇಲೊಂದು ಬಿದ್ದು ಅಲ್ಲೇ ದಪ್ಪವಾಗಿದ್ದವು. ಮೇಲಿದ್ದ ಕ್ಯಾಲೆಂಡರಿನ ಮೊಳೆ ಬಹಳ ದೂರವಿತ್ತು.

ಒಂದು ಶನಿವಾರ ನಾನು ಹೋದಾಗ ಅವರು ಮಂಚದ ಮೇಲೆ ಸೀರೆ ಅರ್ಧ ಸುತ್ತಿಕೊಂಡು ಕುಳಿತಿದ್ದರು. ರವಿಕೆಯ ಒಂದು ತೋಳು ಹಾಕಿಯಾಗಿತ್ತು, ಇನ್ನೊಂದು ಬೆನ್ನ ಹಿಂದೆ ನೇತಾಡುತ್ತಿತ್ತು. (ನಮ್ಮ ಮಾತೆಲ್ಲ ತುಳುವಿನಲ್ಲೇ, ನಿಮಗಾಗಿ ಕನ್ನಡ ಮಾಡುತ್ತಿದ್ದೇನೆ.)

"ಎಲ್ಲಿಗೆ ಹೊರಟದ್ದು ದೊಡ್ಡಮ್ಮ?"

"ಎಲ್ಲಿಗೂ ಇಲ್ಲ. ಆಗ್ತದಾ ಅಂತ ನೋಡಿದ್ದು."

ಅವರು ಗೇಟು ದಾಟದೆ ನಾಲ್ಕು ತಿಂಗಳಾಗಿತ್ತು. ಯಾರು ಕರೆದರೂ "ಸೆಕೆ ಮಾರಾಯ್ತಿ" ಎನ್ನುತ್ತಿದ್ದರು, ನಾವೆಲ್ಲ ನಂಬಿದ್ದೆವು. ಈಗ ಬುಧವಾರ ಕಾರ್ಕಳದಲ್ಲಿ ಸುಮತಿಯ ಮನೆ ಒಕ್ಕಲು, ಅಂದರೆ ಗೃಹಪ್ರವೇಶ. ಸುಮತಿ ಅವರ ಒಂದನೇ ಕ್ಲಾಸಿನ ಗೆಳತಿ, ಬೀಡಿ ಕಟ್ಟಿ ಕಟ್ಟಿ ಸ್ವಂತಕ್ಕೊಂದು ಮನೆ ಮಾಡಿಕೊಂಡವರು. ಹಾಲು ಉಕ್ಕಿಸುವಾಗ ನೀನು ಪಕ್ಕದಲ್ಲಿ ಇರಬೇಕು ಎಂದು ಅಡಿಪಾಯ ಹಾಕುವಾಗಲೇ ಮಾತು ತೆಗೆದುಕೊಂಡಿದ್ದರು.

"ಜೆಸಿಂತ ಬಾಯಿಯನ್ನು ಕರೆದರೆ ಉಡಿಸುದಿಲ್ವಾ?" ಎಂದೆ. ಜೆಸಿಂತ ಬಾಯಿ ಪಕ್ಕದ ಮನೆಯವರು.

ದೊಡ್ಡಮ್ಮ ನನ್ನನ್ನು ದುರುಗುಟ್ಟಿ ನೋಡಿದರು. "ಈ ಓಣಿಯಲ್ಲಿ ಮದುಮಗಳಿಗೆ ಸೀರೆ ಉಡಿಸುವುದು ಯಾರು? ನಾನು. ನನಗೆ ಇನ್ನೊಬ್ಬರು ಉಡಿಸಬೇಕಾ? ನಿನ್ನ ದೊಡ್ಡಪ್ಪ ಒಮ್ಮೆ ಪಿನ್ನು ಹಾಕಿದರು. ಸೆರಗು, ರವಿಕೆ, ಅವರ ಬನಿಯನು, ಮೂರೂ ಸೇರಿತ್ತು. ಸುಮತಿ ಮನೆಗೆ ಮಳೆ ಬಿದ್ದ ಮೇಲೆ ಹೋಗುವಾ."

ಹಾಲು ಮಳೆಗಾಲದವರೆಗೆ ಉಕ್ಕುತ್ತಾ ಇರುವುದಿಲ್ಲವಲ್ಲ. ನನ್ನೊಳಗಿನ ಡಿಸೈನರು ಎದ್ದು ನಿಂತಳು. "ನಿಮಗೇ ಹಾಕಿಕೊಳ್ಳಲಿಕ್ಕೆ ಆಗುವ ಬಟ್ಟೆ ನಾನು ಹೊಲಿದು ತರ್ತೇನೆ."

"ಈ ಪ್ರಾಯದಲ್ಲಿ ಚೂಡಿದಾರವಾ? ನಿನಗೆ ಬುದ್ಧಿ ಉಂಟಾ?" ಎಂದರು. ಆಮೇಲೆ ಗೋಡೆಯ ಗೆರೆಗಳನ್ನು ನೋಡಿ, "ಶಾಲು ಬೇಡ, ಜಾರ್ತದೆ. ಕಿಸೆ ಬೇಕು. ಬಸ್ಸಿನಲ್ಲಿ ಹಿಡಿದುಕೊಳ್ಳಲಿಕ್ಕೆ ಒಂದೇ ಕೈ ಇರುವುದು, ಪರ್ಸು ಯಾವುದರಲ್ಲಿ ಹಿಡಿಯುವುದು?" ಎಂದರು. ಅದು ಒಪ್ಪಿಗೆ ಎಂದು ನಾನು ತಿಳಿದುಕೊಂಡೆ.

ಸಂಜೆಯೇ ಉಡುಪಿಯಲ್ಲಿ ಇಳಿದು ಓಣಿಯ ರಾಶಿಯನ್ನೆಲ್ಲ ಕೆದಕಿ ಒಂದು ಬಟ್ಟೆ ಆರಿಸಿದೆ. ನೀಲಿ, ಅಕ್ಕಿಕಾಳಿನ ಹೂವು. ನೆನೆಸಿ, ಒಣಗಿಸಿ, ಬೆಳಗಿನಿಂದ ಕುಳಿತು ಹೊಲಿದೆ. ಮುಂದೆ ಕುತ್ತಿಗೆಯಿಂದ ಕೆಳಗಿನವರೆಗೆ ತೆರೆಯುವ ಉದ್ದ ಅಂಗಿ, ಕೈ ಎತ್ತದೆ ಕೋಟಿನ ಹಾಗೆ ಹಾಕಿಕೊಳ್ಳಬಹುದು. ಕಂಕುಳು ಅಗಲ, ಒತ್ತಿದರೆ ಕೂರುವ ಗುಂಡಿ, ಎಡಗಡೆ ಆಳದ ಕಿಸೆ. ಕೆಳಗೆ ಕೋರಾ ಬಿಳಿಯ ಇಲಾಸ್ಟಿಕ್ ಪ್ಯಾಂಟು. ಚೆಂದಕ್ಕೆಂದು ಎದೆಯ ಮೇಲೆ ಅಡ್ಡಪಟ್ಟಿ ಇಟ್ಟು ಅದರ ಕೆಳಗೆ ನೆರಿಗೆ ಹಿಡಿದೆ. ಆ ನೆರಿಗೆಯ ಮೇಲೆ ನನಗೆ ಬಹಳ ಅಭಿಮಾನ.

ಭಾನುವಾರ ಸಂಜೆ ಕಾಪುವಿಗೆ ಒಯ್ದೆ. ದೊಡ್ಡಮ್ಮ ಬಟ್ಟೆಯನ್ನು ಬಿಡಿಸಿ, ತಿರುಗಿಸಿ, ಒಮ್ಮೆ ನನ್ನ ಮುಖ ನೋಡಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಹೊರಗೆ ಉಗುರು ಕಚ್ಚುತ್ತಾ ನಿಂತೆ. ಬಾಗಿಲು ತೆರೆದಾಗ ಅವರು ಪೂರ್ತಿ ತಯಾರಾಗಿದ್ದರು. ಯಾರ ಸಹಾಯವೂ ಇಲ್ಲದೆ. ಕಿಸೆಯೊಳಗೆ ಕೈ ಹಾಕಿಕೊಂಡು, "ಬಸ್ ಸ್ಟಾಪಿನವರೆಗೆ ಹೋಗಿ ನೋಡುವಾ" ಎಂದರು.

ಗೇಟು ದಾಟಿದೆವು. ಹತ್ತು ಹೆಜ್ಜೆ ಹೋಗಿರಬಹುದು. ಜೆಸಿಂತ ಬಾಯಿ ಅವರ ಜಗಲಿಯಲ್ಲಿ ಕುಳಿತು ಬಂಗುಡೆ ಮೀನು ಕ್ಲೀನ್ ಮಾಡುತ್ತಿದ್ದರು. ನೀಲಿ ನೈಟಿ. ಅಕ್ಕಿಕಾಳಿನ ಹೂವು. ಎದೆಯ ಮೇಲೆ ಅಡ್ಡಪಟ್ಟಿ, ಅದರ ಕೆಳಗೆ ನೆರಿಗೆ.

"ಎಂತ ವಾರಿಜಕ್ಕ, ನೈಟಿಯಲ್ಲೇ ಸವಾರಿ? ಬೈರಾಸು ಮರೆತಿರಾ?"

ಎದುರುಮನೆಯ ತಂತಿಯ ಮೇಲೂ ಅದೇ ಬಟ್ಟೆ ಗಾಳಿಗೆ ತೂಗುತ್ತಿತ್ತು. ಅದರಾಚೆಯ ಮನೆಯಲ್ಲಿ ಇನ್ನೊಂದು. ದೊಡ್ಡಮ್ಮ ಸಣ್ಣಗೆ ನಕ್ಕು, ಹಿಂದೆ ತಿರುಗಿ, ಬಂದ ಹತ್ತು ಹೆಜ್ಜೆ ವಾಪಸು ನಡೆದರು.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ನಿಮಗೆ ಮೊದಲೇ ಗೊತ್ತಿತ್ತಾ ದೊಡ್ಡಮ್ಮ?"

"ಗೊತ್ತಿಲ್ಲದೆ ಎಂತ? ಯುಗಾದಿಗೆ ಇದೇ ಬಟ್ಟೆಯಲ್ಲಿ ಐದು ನೈಟಿ ಹೊಲಿದವಳು ನಾನೇ."

"ಮತ್ತೆ ಯಾಕೆ ಹೇಳಲಿಲ್ಲ?"

"ನೀನು ಅಷ್ಟು ಖುಷಿಯಲ್ಲಿ ತಂದದ್ದು. ಹೇಗೆ ಹೇಳುವುದು? ಈ ಹೊತ್ತಿಗೆ ಎಲ್ಲರೂ ಒಳಗೆ ಸೀರಿಯಲ್ಲು ನೋಡ್ತಿರ್ತಾರೆ ಅಂತ ಗ್ರಹಿಸಿದೆ."

ನಾನು ಅಳುವುದೊಂದು ಬಾಕಿ. ಬೇರೆ ಬಟ್ಟೆ ತರುತ್ತೇನೆ ಎಂದೆ. ದೊಡ್ಡಮ್ಮ ಅಂಗಿ ಬಿಚ್ಚಿ ಮೆಷಿನಿನ ಮೇಲೆ ಹಾಸಿ, ಬ್ಲೇಡನ್ನು ನನ್ನ ಕೈಗೆ ಕೊಟ್ಟರು. "ಬಟ್ಟೆ ಎಂತ ಮಾಡಿತು ಪಾಪ? ನೈಟಿ ಮಾಡಿದ್ದು ನಿನ್ನ ನೆರಿಗೆ. ಬಿಚ್ಚು ಅದನ್ನು."

ನನ್ನ ಅಭಿಮಾನದ ನೆರಿಗೆಯನ್ನು ನಾನೇ ಒಂದೊಂದು ನೂಲು ಕಿತ್ತು ಬಿಚ್ಚಿದೆ. ಅವರು ಹೇಳಿದ ಹಾಗೆ ಅಂಗಿಯ ಮೈಯನ್ನು ನೇರ ಮಾಡಿದೆ. ಉದ್ದವನ್ನು ಮೊಣಕಾಲಿನವರೆಗೆ ಕಡಿಮೆ ಮಾಡಿದೆ, ಬದಿಗಳನ್ನು ಸೀಳಿದೆ, ಕತ್ತರಿಸಿ ಉಳಿದ ಪಟ್ಟಿಯಿಂದ ಕುತ್ತಿಗೆಗೆ ನಿಲ್ಲುವ ಕಾಲರು ಇಟ್ಟೆ. ಮೊಬೈಲಿನವರು ಇಷ್ಟು ಸಮಯದಲ್ಲಿ ಹೇಳಿಕೊಡದ್ದನ್ನು ದೊಡ್ಡಮ್ಮ ಕುರ್ಚಿಯಲ್ಲಿ ಕುಳಿತು ಗಲ್ಲದಲ್ಲಿ ಸನ್ನೆ ಮಾಡಿಯೇ ಹೇಳಿಕೊಟ್ಟರು. ಮುಗಿಯುವ ಹೊತ್ತಿಗೆ ಅದೇ ಬಟ್ಟೆ ಬೇರೆಯೇ ಆಗಿತ್ತು. ಮಣಿಪಾಲದ ಹುಡುಗಿಯರು ಕೇಳಿ ತೆಗೆದುಕೊಳ್ಳುವ ಹಾಗೆ. ಆದರೆ ದೊಡ್ಡಮ್ಮ ಬುಧವಾರ ಹೊರಡುತ್ತೇನೆ ಎಂದು ಬಾಯಿಬಿಟ್ಟು ಹೇಳಲಿಲ್ಲ. ಓಣಿಯಲ್ಲಿ ಐದು ನೀಲಿ ನೈಟಿಗಳು ಇದ್ದೇ ಇದ್ದವಲ್ಲ.

ಅಷ್ಟರಲ್ಲಿ ಜೆಸಿಂತ ಬಾಯಿ ಬಂಗುಡೆ ಸಾರಿನ ಪಾತ್ರೆ ಹಿಡಿದು ಬಂದರು. "ನಾನು ತಮಾಷೆಗೆ ಹೇಳಿದ್ದು ವಾರಿಜಕ್ಕ."

"ಹೌದು, ತಮಾಷೆಯೇ. ಬೇಜಾರಿಲ್ಲ."

ಜೆಸಿಂತ ಬಾಯಿ ಮೆಷಿನಿನ ಮೇಲಿದ್ದ ಅಂಗಿಯನ್ನು ನೋಡಿದರು. ಗೋಡೆಯ ಗೆರೆಗಳನ್ನು ನೋಡಿದರು. "ಬುಧವಾರ ಎಷ್ಟು ಗಂಟೆಗೆ ಬಸ್ಸು?"

"ಏಳಕ್ಕೆ. ಎಂತಕ್ಕೆ?"

"ಸುಮ್ಮನೆ ಕೇಳಿದ್ದು."

ಬುಧವಾರ ಕ್ಲಿನಿಕ್ಕಿಗೆ ರಜೆ ಹಾಕಿ ನಾನು ಹೋದಾಗ ದೊಡ್ಡಮ್ಮ ತಯಾರಾಗಿ ಗೇಟಿನೊಳಗೆ ನಿಂತಿದ್ದರು. ಕೈ ಚಿಲಕದ ಮೇಲಿತ್ತು, ಚಿಲಕ ತೆಗೆದಿರಲಿಲ್ಲ. ನಾನೇ ತೆಗೆದೆ.

ಜೆಸಿಂತ ಬಾಯಿ ಅವರ ಗೇಟಿನಲ್ಲಿ ಹಳದಿ ನೈಟಿಯಲ್ಲಿ ನಿಂತಿದ್ದರು, ಹೆಗಲಿಗೆ ಬೈರಾಸು. ಎದುರುಮನೆಯಲ್ಲಿ ಕೆಂಪು ನೈಟಿ, ಬೈರಾಸು. ಆಚೆ ಹಸಿರು, ಅದರಾಚೆ ಕಂದು. ಓಣಿಯ ತುದಿಯವರೆಗೂ ಹೆಂಗಸರು ಗೇಟಿಗೆ ಬಂದು ನಿಂತಿದ್ದರು. ತಂತಿಗಳ ಮೇಲೂ ಒಂದೂ ನೀಲಿ ಬಟ್ಟೆ ಇಲ್ಲ.

"ಇವತ್ತು ಆ ನೀಲಿಯನ್ನು ಯಾರೂ ಹಾಕಬಾರದು ಅಂತ ನಾನು ಹೇಳಿದ್ದೇನೆ," ಎಂದರು ಜೆಸಿಂತ ಬಾಯಿ. "ಒಗೆಯಲಿಕ್ಕೂ ಇಲ್ಲ. ಹೋಗಿ ಬನ್ನಿ ನೀವು."

ದೊಡ್ಡಮ್ಮ ಕಿಸೆಗೆ ಕೈ ಹಾಕಿ ನಡೆದರು. ಸ್ವಲ್ಪ ದೂರ ಹೋದ ಮೇಲೆ ನನಗೆ, "ಹಲ್ಲು ಕಾಣಿಸಬೇಡ, ಬೇಗ ನಡೆ, ಬಸ್ಸು ತಪ್ತದೆ" ಎಂದರು. ಹಾಗೆ ಹೇಳುವಾಗ ಅವರ ಕಣ್ಣು ಹಿಂದಿನ ಗೇಟುಗಳ ಮೇಲಿತ್ತು. ಬಸ್ಸು ಹತ್ತಿದಾಗ ಕಂಡಕ್ಟರು ಅವರಿಗೆ "ಅಕ್ಕ, ಮುಂದೆ ಹೋಗಿ" ಎಂದ. ಪಡುಬಿದ್ರೆ ಬರುವವರೆಗೆ ದೊಡ್ಡಮ್ಮ ಅದನ್ನೇ ಹೇಳುತ್ತಿದ್ದರು. "ಸೀರೆ ಉಟ್ಟರೆ ಅಮ್ಮ ಅಂತಿದ್ದ ಅವನು."

ಕಾರ್ಕಳದ ಸೆಕೆ ಕರಾವಳಿಯ ಹಾಗಲ್ಲ, ಬಂಡೆಯೊಳಗಿಂದ ಬರುವಂಥದ್ದು. ರೇಷ್ಮೆಯ ಪಟ್ಟೆ ಸೀರೆಯಲ್ಲಿ ಬೆವರಿ ತೊಪ್ಪೆಯಾಗಿದ್ದ ಸುಮತಿಯವರು ದೊಡ್ಡಮ್ಮನನ್ನು ಕಂಡು ಮೊದಲು ಕೇಳಿದ್ದು, "ಎಂತ ವಾರಿಜ, ನಿನಗೆ ಗಾಳಿ ಬರ್ತದಾ ಅದರಲ್ಲಿ?" ಎಂದು. ಹಾಲು ಉಕ್ಕುವಾಗ ಇಬ್ಬರೂ ಪಕ್ಕಪಕ್ಕದಲ್ಲೇ ಇದ್ದರು. ಆಮೇಲೆ ಕೈಗೆ ಸಿಕ್ಕಿದ್ದನ್ನೆಲ್ಲ ಇಡಲು ಜಾಗವಿಲ್ಲದೆ ಪರದಾಡುತ್ತಿದ್ದ ಸುಮತಿಯವರು ಹೊಸ ಕಪಾಟಿನ ಕೀಯನ್ನು ದೊಡ್ಡಮ್ಮನ ಕಿಸೆಗೆ ಹಾಕಿ, "ಇದು ನಿನ್ನ ಹತ್ತಿರ ಇರಲಿ" ಎಂದರು.

ಅದು ಅಲ್ಲೇ ಇತ್ತು. ಕಾಪುವಿಗೆ ಬಂದು ಮುಟ್ಟಿದ ಮೇಲೂ ಇತ್ತು. ಸಂಜೆ ಸುಮತಿಯವರ ಫೋನು ಬಂತು. "ವಾರಿಜಾ, ನನ್ನ ನೈಟಿಗಳೆಲ್ಲ ಆ ಕಪಾಟಿನೊಳಗೆ ಉಂಟು. ನಾನು ಪಟ್ಟೆ ಸೀರೆಯಲ್ಲೇ ಮಲಗಬೇಕಾ?"

ಮರುದಿನ ಕ್ಲಿನಿಕ್ಕಿಗೆ ಹೋಗುವ ಮೊದಲು, ಕೀಯನ್ನು ನಾನು ತಲುಪಿಸುತ್ತೇನೆ ಎಂದು ಹೇಳಲು ದೊಡ್ಡಮ್ಮನಿಗೆ ಫೋನು ಮಾಡಿದೆ. ಆ ಕಡೆ ಬಸ್ಸಿನ ಹಾರ್ನು. ಅಂಗಿಯನ್ನು ಸಂಜೆಯೇ ಒಗೆದು, ಬೆಳಿಗ್ಗೆ ಒಣಗಿದ್ದನ್ನು ಹಾಕಿಕೊಂಡು, ಒಬ್ಬರೇ ಹೊರಟಿದ್ದರು.

"ಕಾರ್ಕಳ ಬಸ್ಸು ಹತ್ತುತ್ತಾ ಇದ್ದೇನೆ. ಫೋನಿಡು, ಇರುವುದು ಒಂದೇ ಕೈ," ಎಂದರು.

ಆ ಕೀ ಮರೆತದ್ದೋ, ಮರೆತ ಹಾಗೆ ಮಾಡಿದ್ದೋ, ಇವತ್ತಿಗೂ ಅವರು ಬಾಯಿ ಬಿಟ್ಟಿಲ್ಲ.

ಈಗ ಗೋಡೆಯ ಗೆರೆಗಳು ಕ್ಯಾಲೆಂಡರಿನ ಮೊಳೆಯನ್ನು ದಾಟಿವೆ. ದೊಡ್ಡಮ್ಮ ಬೇಕೆಂದಾಗ ಸೀರೆ ಉಡುತ್ತಾರೆ, ಬಸ್ಸಿಗೆ ಮಾತ್ರ ಕಿಸೆಯ ಅಂಗಿ. ನಾನೂ ಸ್ವಲ್ಪ ಬದಲಾಗಿದ್ದೇನೆ. ಮೊದಲೆಲ್ಲ ಯಾರಾದರೂ ಹೊಲಿಸಲು ಬಂದರೆ ಮೊಬೈಲಿನಲ್ಲಿ ಡಿಸೈನು ತೋರಿಸುತ್ತಿದ್ದೆ. ಈಗ ಟೇಪು ತೆಗೆಯುವ ಮೊದಲೇ, "ಕೈ ಎಲ್ಲಿಯವರೆಗೆ ಏಳ್ತದೆ? ಬಸ್ಸಿನಲ್ಲಿ ಹೋಗುವವರಾ?" ಎಂದು ಕೇಳುತ್ತೇನೆ. "ನೀನೇನು ಡಾಕ್ಟರಾ?" ಎಂದು ನಗುತ್ತಾರೆ. ನಗಲಿ.

ಬಕೆಟಿನ ನೀರು ನೋಡಿ ಬಂದೆ, ಬಣ್ಣ ಬಿಟ್ಟಿಲ್ಲ. ಈ ನೀಲಿ ಜೆಸಿಂತ ಬಾಯಿಗೆ. ಅದೇ ಹೂವು ಬೇಕು, ನೆರಿಗೆ ಬೇಡ, ಕಿಸೆ ಎರಡೂ ಬದಿಗೆ ಬೇಕು ಎಂದಿದ್ದಾರೆ. ಇದು ಒಣಗುವಷ್ಟರಲ್ಲಿ ನೀವೊಂದು ಕೆಲಸ ಮಾಡಿ. ನಿಮ್ಮ ಓಣಿಯಲ್ಲಿ ನೈಟಿಯ ಗಡಿ ಎಲ್ಲಿಯವರೆಗೆ, ಸೆಕೆಯ ನೆಪ ಹೇಳಿ ಗೇಟಿನೊಳಗೇ ಉಳಿದವರು ಯಾರಾದರೂ ಇದ್ದಾರಾ, ಅವರನ್ನು ಹೊರಗೆ ತಂದದ್ದು ಯಾವ ಬಟ್ಟೆ, ನನಗೆ ಬರೆದು ತಿಳಿಸಿ. ಕಿಸೆ ಇತ್ತೋ ಇಲ್ಲವೋ ಎಂಬುದನ್ನೂ ಬರೆಯಿರಿ.