ಹನ್ನೆರಡನೇ ಪುಟದ ಸೀಸ

ನಮ್ಮ ಭಾವ ಕುಡಿಯುವ ನೀರು ಪರೀಕ್ಷಿಸುವ ಲ್ಯಾಬಿನಲ್ಲಿ ಹತ್ತೊಂಬತ್ತು ವರ್ಷದಿಂದ ಸಹಾಯಕರು. ಪರೀಕ್ಷಕರಾಗಲು ಡಿಪ್ಲೊಮಾ ಬೇಕು. ಡಿಪ್ಲೊಮಾಕ್ಕೆ ಇಂಗ್ಲಿಷಿನಲ್ಲೊಂದು ಪ್ರಬಂಧ ಬೇಕು. ಬರೆದುಕೊಟ್ಟದ್ದು ಎರಡು ಸಲವೂ ವಾಪಸ್ಸಾಗಿತ್ತು. ಎರಡರ ಮೇಲೂ ಕಾಲೇಜಿನ ಮೇಷ್ಟ್ರ ಪೆನ್ಸಿಲು ಕೇಳಿದ್ದು ಒಂದೇ: ‘ಹೇಳಬೇಕಾದ್ದು ಎಲ್ಲಿ?’ ಮೂರನೆಯದೇ ಕೊನೆಯ ಅವಕಾಶ. ಆವತ್ತು ಸಂಜೆ ಐದರೊಳಗೆ ಕೊಡಬೇಕು.

ಮಧ್ಯಾಹ್ನ ನಾನು ಹೋದಾಗ ಭಾವ ಅಂಡು ಸುಟ್ಟ ಬೆಕ್ಕಿನಂತೆ ಮೇಜು ಸುತ್ತುತ್ತಿದ್ದರು.

“ಇಂಗ್ಲಿಷ್ ಗಟ್ಟಿಯಾಗೇ ಇದೆ ಕಣೋ, ನಿಘಂಟು ನೋಡಿ ಹಾಕಿದೀನಿ. ಆ ಮೇಷ್ಟ್ರಿಗೆ ತಾಳ್ಮೆ ಇಲ್ಲ.”

ಅಕ್ಕ ನರ್ಸು. ಡ್ಯೂಟಿಗೆ ಹೊರಟವಳು ಬಾಗಿಲಲ್ಲೇ ನಿಂತಳು. “ಏನು ಕಂಡುಹಿಡಿದ್ರಿ, ಅದನ್ನ ಹೇಳಿ.”

“ಅದಕ್ಕೇ ಬರ್ತಾ ಇದೀನಿ. ಮೊದಲು, ನೀರು ಅಂದ್ರೇನು...”

“ನೀರು ಗೊತ್ತು ನಂಗೆ. ಮುಂದೆ?”

ಮುಂದೆ ರಾಜರು ತೋಡಿಸಿದ ಬಾವಿಗಳಿದ್ದವು, ಪೈಪಿನ ಚರಿತ್ರೆಯಿತ್ತು. ವಿಷಯ ಸಿಕ್ಕಿದ್ದು ಹನ್ನೆರಡನೇ ಪುಟದ ತಳದಲ್ಲಿ: ಹಳೆಯ ಸೀಸದ ಪೈಪಿನಲ್ಲಿ ಗಂಟೆಗಟ್ಟಲೆ ನಿಂತ ನೀರಿಗೆ ಸೀಸದ ವಿಷ ಇಳಿಯುತ್ತದೆ, ನಲ್ಲಿ ತಿರುಗಿಸಿ ಎರಡು ನಿಮಿಷ ನೀರು ಹರಿಯಬಿಟ್ಟರೆ ಬಹಳಷ್ಟು ಕಡಿಮೆಯಾಗುತ್ತದೆ. ನಲವತ್ತು ಮನೆಗಳ ನೀರು ತಂದು ಭಾವನೇ ಅಳೆದಿದ್ದರು.

“ಇದನ್ನ ಇಲ್ಲಿ ಬಚ್ಚಿಟ್ಟಿದೀರಾ?” ಅಂದಳು ಅಕ್ಕ. “ಡ್ಯೂಟಿ ಮುಗಿಸಿ ವಾರ್ಡ್ ಒಪ್ಪಿಸುವಾಗ ನಾನು ರೋಗಿಯ ಮುತ್ತಾತನಿಂದ ಶುರುಮಾಡಿದ್ರೆ ರೋಗಿ ಉಳೀತಾನಾ? ನಾಲ್ಕನೇ ಮಂಚ, ಉಸಿರಾಟ ಕಷ್ಟ. ಮಿಕ್ಕಿದ್ದೆಲ್ಲ ಆಮೇಲೆ.”

“ಮನೆಗೆ ಬಂದವರನ್ನ ಕೂತ್ಕೊಳ್ಳಿ ಅನ್ನೋ ಮುಂಚೆ ಯಾರಾದ್ರೂ ವಿಷಯ ತೆಗೀತಾರಾ? ಮರ್ಯಾದೆ ಅಂತ ಒಂದಿದೆ.”

“ನಿಮ್ಮಪ್ಪನ ಮರ್ಯಾದೆ ನಂಗೊತ್ತಿಲ್ವಾ?”

ಭಾವ ಕುರ್ಚಿ ಎಳೆದು ಕೂತರು. ಮಗನಿಗೆ ಹೆಣ್ಣು ಕೇಳಲು ನಮ್ಮ ಮನೆಗೆ ಬಂದ ಅವರಪ್ಪ ಹವೆ, ಬಸ್ಸು, ಮೊಣಕಾಲು ನೋವು ಎಂದು ಎರಡು ಗಂಟೆ ಮಾತಾಡಿ, ಹೆಣ್ಣು ಕೇಳದೆಯೇ ಎದ್ದುಹೋಗಿದ್ದರು. ನಮ್ಮಪ್ಪ ಬಸ್‌ಸ್ಟ್ಯಾಂಡಿಗೆ ಓಡಿ, “ಬಂದದ್ದು ಯಾಕೆ ಅಂತ ಹೇಳಲಿಲ್ಲವಲ್ಲ” ಎಂದು ಕೇಳಿದ್ದರಿಂದ ಈ ಸಂಸಾರ ನಡೆದಿದೆ.

ಅಕ್ಕ ಹೋದಮೇಲೆ ಭಾವ ಹನ್ನೆರಡನೇ ಪುಟದ ಮಾತನ್ನು ಮೊದಲ ಸಾಲಾಗಿ ಬರೆದರು. ಮಿಕ್ಕ ಪುಟಗಳು ಕೆಲಸವಿಲ್ಲದ ನೆಂಟರಂತೆ ಕೂತಿದ್ದವು. ಒಂದೊಂದಾಗಿ ಕಳಿಸಿದರು. ಬಾವಿಗಳನ್ನು ಬಿಡುವಾಗ ಮಾತ್ರ ಆ ಪುಟವನ್ನು ಇನ್ನೊಮ್ಮೆ ಓದಿದರು. ಕೊನೆಗೆ ಉಳಿದದ್ದು ಐದು ಪುಟ.

ಐದಕ್ಕೆ ಐದು ನಿಮಿಷವಿರುವಾಗ ನನ್ನ ಸ್ಕೂಟರಿನಲ್ಲಿ ಕಾಲೇಜು ತಲುಪಿದೆವು. ಮೂರು ದಿನ ರಜೆಯಲ್ಲಿದ್ದ ಮೇಷ್ಟ್ರು ಪ್ರಬಂಧ ತೆಗೆದುಕೊಳ್ಳಲೆಂದೇ ಬಂದು ಆಗಷ್ಟೇ ಕೋಣೆ ತೆರೆದು, ಮೂಲೆಯ ಹಳೇ ನಲ್ಲಿಯಿಂದ ಲೋಟ ತುಂಬಿಸಿಕೊಂಡು ಕೂತಿದ್ದರು. ಒಂದು ಕೈಯಲ್ಲಿ ಪ್ರಬಂಧ ಹಿಡಿದು ಮೊದಲ ಸಾಲು ಓದಿದರು. ತುಟಿಯವರೆಗೆ ಬಂದಿದ್ದ ಲೋಟ ನಿಂತಿತು.

“ಈ ಪೈಪೂ ಸೀಸದ್ದೇನ್ರೀ?”

“ಅದು ಸಾರ್, ಮನುಷ್ಯನಿಗೂ ನೀರಿಗೂ ಇರುವ ಸಂಬಂಧ...” ಎಂದು ಶುರುಮಾಡಿದ ಭಾವ, ಲೋಟ ನೋಡಿ ನುಂಗಿಕೊಂಡರು. “ಕುಡೀಬೇಡಿ ಸಾರ್.”

ಮೇಷ್ಟ್ರು ಲೋಟ ಕೆಳಗಿಟ್ಟರು, ಪೆನ್ಸಿಲನ್ನೂ ಕೆಳಗಿಟ್ಟರು. ಎದ್ದುಹೋಗಿ ನಲ್ಲಿ ತಿರುಗಿಸಿ ಗಡಿಯಾರ ನೋಡುತ್ತ ನಿಂತು, ಎರಡನೇ ಪುಟ ತೆಗೆದರು.