ಜಾಮೀನು ಹುಡುಕಿ ನಾಲ್ಕು ದಿನ

ಮಂಗಳವಾರ ಬೆಳಿಗ್ಗೆ ಏಳೂಕಾಲಿಗೆ ಹಾಸನದಲ್ಲಿ ಹೊಳೆನರಸೀಪುರದ ಬಸ್ಸು ಹತ್ತಿದೆ. ಡಿಸೆಂಬರಿನ ಮಂಜು ಇನ್ನೂ ಬಿಟ್ಟಿರಲಿಲ್ಲ. ಕಂಡಕ್ಟರ್ ನನ್ನ ಆಧಾರ್ ಕಾರ್ಡು ನೋಡಿ ಶೂನ್ಯ ಟಿಕೆಟ್ ಹರಿದು ಕೊಟ್ಟರು. ಬ್ಯಾಗಿನಲ್ಲಿದ್ದದ್ದು ಅಮ್ಮ ಕಟ್ಟಿದ ಎರಡು ಅಕ್ಕಿ ರೊಟ್ಟಿ, ನೀರಿನ ಬಾಟಲಿ, ಒಂದು ಜಾಮೀನು ಆದೇಶದ ಜೆರಾಕ್ಸ್.

ನಾನು ವಕೀಲೆಯಲ್ಲ. ಹೋದ ವರ್ಷ ಬಿ.ಎ. ಮುಗಿಸಿದೆ, ಮುಂದಿನ ವರ್ಷ ಕಾನೂನು ಕಾಲೇಜಿಗೆ ಸೇರಬೇಕು. ನಡುವಿನ ಒಂದು ವರ್ಷಕ್ಕೆ ನನಗೊಂದು ಫೆಲೋಶಿಪ್ ಸಿಕ್ಕಿತ್ತು. ಕಾನೂನು ಓದಲು ಹೊರಟ ಪದವೀಧರರು ಓದುವ ಮೊದಲು ಒಂದು ವರ್ಷ ಜನರ ಕೆಲಸ ಮಾಡಲಿ ಎಂದು ಕೊಡುವ ಫೆಲೋಶಿಪ್ ಅದು. ಗ್ರಂಥಾಲಯದಲ್ಲಿ ಕೂತು ಟಿಪ್ಪಣಿ ಬರೆಯುವ ಕೆಲಸ ಇರಬಹುದು ಅಂದುಕೊಂಡಿದ್ದೆ. ಬಡವರ ಕೇಸುಗಳನ್ನು ನಡೆಸುವ ಇಂದಿರಾ ಮೇಡಂ ಅವರ ಕಚೇರಿಗೆ ಹಾಕಿದರು. ಮೊದಲ ದಿನವೇ ಮೇಡಂ ಹೇಳಿದ್ದರು, "ನಿನಗೆ ವಾದ ಮಾಡೋ ಹಕ್ಕಿಲ್ಲ. ಓಡಾಡೋ ಹಕ್ಕಿದೆ. ಅದನ್ನ ಚೆನ್ನಾಗಿ ಬಳಸ್ಕೋ."

ಈ ಸಲದ ಓಡಾಟ ಶಶಿಕಲಾ ಎಂಬಾಕೆಗಾಗಿ. ಹಾಸನದ ಒಂದು ಮನೆಯಲ್ಲಿ ಅಡುಗೆ ಮಾಡುತ್ತಿದ್ದವಳು. ಆ ಮನೆಯ ಚಿನ್ನದ ಸರ ಕಳುವಾಯಿತು. ದೂರು ಅವಳ ಮೇಲೆ ಬಂತು. ಸರ ಮಾತ್ರ ಸಿಗಲಿಲ್ಲ. ಅವಳು ಕದ್ದಿದ್ದಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಅದನ್ನು ವಿಚಾರಣೆ ತೀರ್ಮಾನಿಸುತ್ತದೆ. ಕೋರ್ಟು ಜಾಮೀನು ಕೊಟ್ಟು ಮೂರು ವಾರವಾಗಿತ್ತು. ಆದರೆ ಸ್ವಂತ ಹೆಸರಿನಲ್ಲಿ ಜಮೀನಿರುವ ಒಬ್ಬರು ಪಹಣಿ ಹಿಡಿದು ಬಂದು ಅವಳಿಗೆ ಹೊಣೆ ನಿಲ್ಲಬೇಕಿತ್ತು. ಯಾರೂ ಬಂದಿರಲಿಲ್ಲ. ಶುಕ್ರವಾರ ದಾಟಿದರೆ ಕೋರ್ಟಿಗೆ ಚಳಿಗಾಲದ ರಜೆ, ಅವಳಿಗೆ ಇನ್ನಷ್ಟು ದಿನ ಜೈಲು.

ಅವಳು ನನಗೆ ಎರಡು ಹೆಸರು ಕೊಟ್ಟಿದ್ದಳು. ಹೊಳೆನರಸೀಪುರದ ತಮ್ಮ ಲೋಕೇಶ, ಅರಕಲಗೂಡಿನ ಗೆಳತಿ ಭಾಗ್ಯ. "ಚನ್ನರಾಯಪಟ್ಟಣದ ಕಡೆ ಮಾತ್ರ ತಲೆ ಹಾಕ್ಬೇಡಿ" ಅಂದಿದ್ದಳು. ಯಾಕೆಂದು ಕೇಳಿದಾಗ ಮುಖ ತಿರುಗಿಸಿದಳು.

ಲೋಕೇಶನ ಪಂಕ್ಚರ್ ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಹೊಳೆಯ ಕಡೆಗೆ ಇಳಿಯುವ ರಸ್ತೆಯಲ್ಲಿ ಹಳೇ ಟೈರುಗಳ ರಾಶಿಯ ಹಿಂದೆ ಕೂತು ಟ್ಯೂಬು ನೀರಿಗೆ ಅದ್ದುತ್ತಿದ್ದ. ನಾನು ಯಾರೆಂದು ಹೇಳಿದ ಕೂಡಲೇ ಎದ್ದು ಕೈ ಒರೆಸಿಕೊಂಡ. ಪಕ್ಕದಂಗಡಿಯಿಂದ ಟೀ ತರಿಸಿದ. "ನಮ್ಮಕ್ಕ ಊಟ ಮಾಡ್ತಾಳಾ? ಚಳಿಗೆ ಏನಾರಾ ಐತಾ?" ಎಂದು ಕೇಳಿದ. ನನಗೆ ಕೆಲಸ ಅರ್ಧ ಆದಂತೆಯೇ ಅನಿಸಿತು. ಪಹಣಿಯ ಮಾತೆತ್ತಿದೆ. ಅವನು ಟೀ ಲೋಟ ಕೆಳಗಿಟ್ಟ.

"ಮೇಡಮ್ಮೋರೆ, ನಮ್ಮಕ್ಕನ ಮೇಲೆ ನಂಗೆ ಕ್ವಾಪ ಇಲ್ಲ," ಎಂದ. "ಮುಂಚೆ ಒಬ್ಬ ಸ್ನೇಹಿತಂಗೆ ಜಾಮೀನು ನಿಂತಿದ್ದೆ. ಗಾಡಿ ಆಕ್ಸಿಡೆಂಟು ಕೇಸು. ಅವನು ಎರಡು ವಾಯಿದೆಗೆ ಬಂದ, ಆಮೇಲೆ ಎಲ್ಲಿಗೋದ್ನೋ ಓದ. ನೋಟೀಸು ನನ್ ಮನೆಗೆ ಬಂತು. ಅಂಗಡಿ ಬಾಗ್ಲಾಕ್ಕೊಂಡು ಎಷ್ಟು ಸಲ ಓಗಿದೀನಿ ಲೆಕ್ಕ ಇಲ್ಲ. ಕೋರ್ಟ್ ಅಂದ್ರೆ ಇವತ್ತಿಗೂ ಎದ್ರಿಕೆ ಆಯ್ತದೆ."

"ನಿಮ್ಮಕ್ಕ ಓಡಿಹೋಗೋರಲ್ಲವಲ್ಲ?"

"ಅವನೂ ಓಡೋಗೋನಲ್ಲ ಅಂತ್ಲೇ ನಿಂತಿದ್ದೆ."

ನಾನು ಹೊರಡುವಾಗ ಒಳಗೆ ಹೋಗಿ ಒಂದು ಕಂದು ಸ್ವೆಟರ್ ತಂದ. "ನಮ್ ಮನೆಯೋಳ್ದು. ಅಕ್ಕಂಗೆ ಕೊಟ್ಬುಡಿ." ಸ್ವೆಟರ್ ಕೊಟ್ಟ ಕೈ ಪಹಣಿ ಕೊಡಲಿಲ್ಲವಲ್ಲ ಎಂದು ದಾರಿಯುದ್ದಕ್ಕೂ ಸಿಟ್ಟಿತ್ತು. ಆ ಸಿಟ್ಟು ಇಳಿಯಲು ವಾರ ಹಿಡಿಯಿತು. ಹೆದರಿದವನು ಹೆದರಿದ್ದೇನೆ ಎಂದು ನೇರವಾಗಿ ಹೇಳಿದ್ದ. ಅಷ್ಟು ಹೇಳುವವರೂ ಕಡಿಮೆ.

ಹನ್ನೊಂದೂವರೆಗೆ ಬರಬೇಕಾದ ಅರಕಲಗೂಡು ಬಸ್ಸು ಹನ್ನೆರಡೂ ಹತ್ತಕ್ಕೆ ಬಂತು. ಸುಮಾರು ಮೂವತ್ತು ಕಿಲೋಮೀಟರಿನ ದಾರಿ. ಸೀಟು ಸಿಗಲಿಲ್ಲ, ಕಂಬಿ ಹಿಡಿದು ನಿಂತೇ ಹೋದೆ. ಅವರೆಕಾಯಿ ಚೀಲಗಳು ಓಡಾಡುವ ಜಾಗವನ್ನೆಲ್ಲ ತುಂಬಿದ್ದವು. ಇಳಿದಾಗ ನನ್ನ ಬಟ್ಟೆಯೂ ಸೊಗಡು ವಾಸನೆ ಹೊಡೆಯುತ್ತಿತ್ತು. ಊಟಕ್ಕೆ ಮೆಸ್ಸೊಂದರಲ್ಲಿ ಮುದ್ದೆ, ಹಿತಕವರೆ ಸಾರು, ಅರವತ್ತು ರೂಪಾಯಿ. ಅಲ್ಲಿಂದ ಭಾಗ್ಯಳ ಹಳ್ಳಿಗೆ ಶೇರ್ ಆಟೋ, ಇಪ್ಪತ್ತು ರೂಪಾಯಿ.

ಭಾಗ್ಯ ಹೊಗೆಸೊಪ್ಪು ವಿಂಗಡಿಸುವ ಶೆಡ್ಡಿನಲ್ಲಿ ಸಿಕ್ಕಳು. ಮದುವೆ ಮನೆಗಳ ಅಡುಗೆಗೆ ಶಶಿಕಲಾ ಜೊತೆ ಹೋಗುತ್ತಿದ್ದವಳು. ಎಲ್ಲ ಕೇಳಿದ ಮೇಲೆ ಯೋಚಿಸಲೂ ಇಲ್ಲ.

"ನಾನ್ ಬತ್ತೀನಿ. ಒಂದೆಕ್ರೆ ಐತೆ. ಅದು ಸಾಲ್ದಾ?"

ಸಾಕು ಅಂದೆ. ಅಂದು ಅವಳ ಮನೆಯಲ್ಲೇ ಉಳಿದೆ. ಬುಧವಾರ ಬೆಳಿಗ್ಗೆ ಇಬ್ಬರೂ ಅರಕಲಗೂಡಿಗೆ ಹೋಗಿ ಪಹಣಿಗೆ ಸರದಿಯಲ್ಲಿ ನಿಂತೆವು. ಭಾಗ್ಯ ಹಸಿರು ರೇಷ್ಮೆ ಸೀರೆ ಉಟ್ಟಿದ್ದಳು. ಕೋರ್ಟಿಗೆ ಹೋಗುವವರು ಒಳ್ಳೇ ಸೀರೆ ಉಡಬೇಕಲ್ಲ ಎಂದು.

ಕಂಪ್ಯೂಟರಿನ ಮುಂದಿದ್ದವರು ಸರ್ವೆ ನಂಬರು ಹಾಕಿ ಕೇಳಿದರು, "ಈ ಹೆಸರು ಯಾರ್ದಮ್ಮ?"

"ನಮ್ ಯಜಮಾನ್ರದು."

"ಅವರು ಇದ್ದಾರಾ?"

"ತೀರ್ಕಂಡು ಏಳು ವರ್ಷಾತು ಸಾ."

"ಹಂಗಾದ್ರೆ ಖಾತೆ ನಿಮ್ಮ ಹೆಸರಿಗೆ ಆಗಿಲ್ಲ ಕಣಮ್ಮ."

ಭಾಗ್ಯಳಿಗೆ ಅರ್ಥವಾಗಲಿಲ್ಲ. "ಉಳೋಳು ನಾನು, ಕಂದಾಯ ಕಟ್ಟೋಳು ನಾನು," ಎಂದಳು. ಅವರು ಬೇಸರವಿಲ್ಲದೆ ಇನ್ನೊಮ್ಮೆ ವಿವರಿಸಿದರು. ಜಮೀನು ಅವಳ ಕೈಯಲ್ಲಿತ್ತು, ಕಾಗದದಲ್ಲಿ ಇರಲಿಲ್ಲ. ಹೊರಗೆ ಬಂದು ಬೇವಿನ ಮರದ ಕಟ್ಟೆ ಮೇಲೆ ಕೂತಳು. ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಅಂಗಾರೆ ನಂದೂಂತ ಏನೂ ಇಲ್ವೇನವ್ವಾ?" ಎಂದಳು.

ಇದೆ, ಬರೆಸಿಕೊಳ್ಳಬೇಕು ಅಷ್ಟೆ ಎಂದು ಹೇಳಿದೆ. ಗಂಡನ ನಂತರ ಖಾತೆ ಬದಲಾಯಿಸಲು ಏನೇನು ಬೇಕೆಂದು ಒಳಗೆ ಹೋಗಿ ಕೇಳಿಕೊಂಡು ಬಂದೆ. ಕಟ್ಟೆ ಮೇಲೆ ಕೂತು ಅರ್ಜಿ ಬರೆದೆ. ಮರಣ ಪತ್ರ, ವಂಶವೃಕ್ಷ, ಹೀಗೆ ಪಟ್ಟಿ ಮಾಡಿಕೊಟ್ಟೆ. ಅದಕ್ಕೆ ಮಧ್ಯಾಹ್ನವಾಯಿತು. ಶಶಿಕಲಾಗೆ ಇದರಿಂದ ಏನೂ ಪ್ರಯೋಜನವಿರಲಿಲ್ಲ. ಆದರೂ ಆ ನಾಲ್ಕು ದಿನಗಳಲ್ಲಿ ನಾನೊಬ್ಬಳೇ ಮಾಡಿ ಮುಗಿಸಿದ ಕೆಲಸ ಅದೊಂದೇ.

ಬಸ್ಸಿನ ಹತ್ತಿರ ಬಿಡಲು ಬಂದ ಭಾಗ್ಯ ದನಿ ತಗ್ಗಿಸಿ ಹೇಳಿದಳು. "ಚನ್ರಾಯಪಟ್ಣದ ತಾವ ಅವಳ ಅತ್ತೆ ಅವ್ರೆ, ಪುಟ್ಟತಾಯಮ್ಮ. ತೆಂಗಿನ ತ್ವಾಟ ಆಯಮ್ಮನ ಹೆಸರಲ್ಲೇ ಐತೆ. ಆದ್ರೆ ಆರು ವರ್ಷದಿಂದ ಇಬ್ರಿಗೂ ಮಾತಿಲ್ಲ. ಶಶಿ ಗಂಡ ಸತ್ತಾಗ, ಇನ್ನೂ ಹೆಣ ಎತ್ತಿರ್ಲಿಲ್ಲ, ಅಷ್ಟೂ ಜನದ ಮುಂದೆ ಆಯಮ್ಮ 'ನನ್ ಮಗನ್ನ ನುಂಗ್ಕೊಂಡ್ಯಲ್ಲೇ' ಅಂದ್ಬುಟ್ಳು. ತಿಥಿ ಮುಗೀತಿದ್ದಂಗೆ ಇವಳು ಹಾಸನಕ್ಕೆ ಬಂದ್ಬುಟ್ಳು."

ಹಾಸನದ ಬಸ್ಸು ಗೊರೂರು ದಾಟಿ ಕಟ್ಟಾಯ ಮುಟ್ಟುವಷ್ಟರಲ್ಲಿ ನಾನು ತೀರ್ಮಾನ ಮಾಡಿದ್ದೆ. ನಾಳೆ ಬೆಳಿಗ್ಗೆ ನೇರ ಚನ್ನರಾಯಪಟ್ಟಣ. ಶಶಿಕಲಾಗೆ ಆಮೇಲೆ ಹೇಳಿದರಾಯಿತು. ಹೊರಗೆ ಬಂದ ಮೇಲೆ ಯಾರು ಬೈಯುತ್ತಾರೆ? ಮೇಡಂಗೆ ಫೋನ್ ಮಾಡಿ ಹೇಳಿದೆ.

"ಬೇಡ," ಎಂದರು. "ಅವಳು ಬೇಡ ಅಂದ ಬಾಗಿಲು ನಾವು ತಟ್ಟೋದಿಲ್ಲ."

"ಇನ್ನು ಎರಡೇ ದಿನ ಇದೆ, ಮೇಡಂ."

"ಒಳಗೆ ಕಳೆಯೋ ದಿನ ಅವಳದು. ತೀರ್ಮಾನಾನೂ ಅವಳದೇ. ನಾಳೆ ಜೈಲಿಗೆ ಹೋಗಿ ಅವಳನ್ನ ಕೇಳು. ಬೇಡ ಅಂದ್ರೆ ವಾಪಸ್ ಬಾ. ಷರತ್ತು ಸಡಿಲ ಮಾಡಿ ಅಂತ ರಜೆ ಆದ್ಮೇಲೆ ಅರ್ಜಿ ಹಾಕೋಣ."

ನನಗೆ ಅವಮಾನವಾಯಿತು. ಮೇಡಂ ಗದರಲಿಲ್ಲ, ಅದಕ್ಕೇ ಹೆಚ್ಚು ಆಯಿತು.

ಗುರುವಾರ ಹತ್ತೂವರೆಗೆ ಜೈಲಿನ ಭೇಟಿ ಕೊಠಡಿಯಲ್ಲಿ ಜಾಲರಿಯ ಆಚೆ ಶಶಿಕಲಾ ಬಂದು ನಿಂತಳು. ತಮ್ಮನ ಸ್ವೆಟರನ್ನು ಸಿಬ್ಬಂದಿ ಪರೀಕ್ಷಿಸಿ ಒಳಗೆ ಕಳಿಸಿದ್ದರು. ಅವಳು ಅದನ್ನು ಮಡಚಿ ಎದೆಗೆ ಹಿಡಿದಿದ್ದಳು. ಲೋಕೇಶ ಬರುವುದಿಲ್ಲ ಅಂದೆ. ತಲೆಯಾಡಿಸಿದಳು. ಭಾಗ್ಯಳ ಪಹಣಿಯ ಕಥೆ ಹೇಳಿದೆ. "ಪಾಪ" ಅಂದಳು. ಆಮೇಲೆ ಅತ್ತೆಯ ವಿಷಯ ಕೇಳಿದೆ.

ಅವಳು ಸ್ವೆಟರಿನ ಮಡಿಕೆ ಬಿಡಿಸಿ ಮತ್ತೆ ಮಡಚಿದಳು. ಪಕ್ಕದ ಕಿಂಡಿಯಲ್ಲಿ ಯಾರೋ ಜೋರಾಗಿ ಮಗುವಿನ ಜ್ವರದ ವಿಚಾರ ಹೇಳುತ್ತಿದ್ದರು.

"ಕೇಳೋದಾದ್ರೆ ಕೇಳಿ," ಎಂದಳು. "ಆದ್ರೆ ನಾನು ಬೇಡ್ಕಂಡೆ ಅಂತ ಮಾತ್ರ ಹೇಳ್ಬೇಡಿ."

ಹನ್ನೊಂದೂ ಮುಕ್ಕಾಲಿನ ಬಸ್ಸಿಗೆ ಚನ್ನರಾಯಪಟ್ಟಣದ ಕಡೆ ಹೊರಟೆ. ಹೆದ್ದಾರಿ ಚೆನ್ನಾಗಿದೆ, ಒಂದು ಗಂಟೆಯೂ ಹಿಡಿಯಲಿಲ್ಲ. ಮಂಜು ಹೋಗಿ ಬಿಸಿಲು ಚುರುಕಾಗಿತ್ತು. ಪಟ್ಟಣದಿಂದ ಆರು ಕಿಲೋಮೀಟರಿನ ಹಳ್ಳಿಗೆ ಆಟೋದವನು ನೂರೈವತ್ತು ಕೇಳಿದ, ನೂರಿಪ್ಪತ್ತಕ್ಕೆ ಬಂದ.

ಪುಟ್ಟತಾಯಮ್ಮ ಮನೆ ಮುಂದೆ ನೆಟ್ಟ ಕಬ್ಬಿಣದ ಮೊನೆಗೆ ತೆಂಗಿನಕಾಯಿ ಚುಚ್ಚಿ ಸುಲಿಯುತ್ತಿದ್ದರು. ಎಪ್ಪತ್ತರ ಆಸುಪಾಸು, ಗಟ್ಟಿ ತೋಳು. ನಾನು ಹೇಳುವಷ್ಟು ಹೊತ್ತೂ ಸುಲಿಯುವುದನ್ನು ನಿಲ್ಲಿಸಲಿಲ್ಲ. ಸರ, ಜೈಲು, ಜಾಮೀನು ಎಲ್ಲ ಕೇಳಿಸಿಕೊಂಡರು. ಕೈಯಲ್ಲಿದ್ದ ಕಾಯಿ ಕೆಳಗಿಟ್ಟು ಒಂದೇ ಪ್ರಶ್ನೆ ಕೇಳಿದರು.

"ಅವಳು ನನ್ನ ಬೇಡ್ಕಂಡ್ಳಾ?"

ಹೂಂ ಅಂದಿದ್ದರೆ ಕೆಲಸ ಸುಲಭವಾಗುತ್ತಿತ್ತೋ ಏನೋ. ಬಾಯಿಗೆ ಬಂದೂ ಇತ್ತು.

"ಇಲ್ಲ," ಅಂದೆ. "ಕೇಳೋದಾದ್ರೆ ಕೇಳಿ ಅಂದ್ರು. ಬೇಡ್ಕಂಡೆ ಅಂತ ಹೇಳ್ಬೇಡಿ ಅಂದ್ರು."

ಮುದುಕಿಯ ಮುಖ ಸಡಿಲವಾಯಿತು. "ಅಂಗಾರೆ ಅದು ಅವಳೇ ಕಣವ್ವ," ಎಂದರು. "ಬೇಡ್ಕಂಡ್ಳು ಅಂದಿದ್ರೆ ನೀನು ಸುಳ್ಳಿ ಅಂತ ಅಟ್ಟಿಬುಡ್ತಿದ್ದೆ."

ಒಳಗಿನಿಂದ ಮಜ್ಜಿಗೆ ತಂದು ಕೊಟ್ಟರು. ತಗಡಿನ ಪೆಟ್ಟಿಗೆ ತೆಗೆದು ಕಾಗದಗಳನ್ನು ಚಾಪೆ ಮೇಲೆ ಸುರಿದರು. ಪಹಣಿ ಅವರ ಹೆಸರಿನಲ್ಲೇ ಇತ್ತು. ಆದರೂ ಹೇಳಬೇಕಾದದ್ದನ್ನು ಹೇಳಿದೆ: ಶಶಿಕಲಾ ವಾಯಿದೆಗೆ ಬರದಿದ್ದರೆ ಕೋರ್ಟು ನಿಮ್ಮನ್ನೇ ಕೇಳುತ್ತದೆ, ತೋಟದ ಮೇಲೂ ಬರಬಹುದು, ಅವರು ಕದ್ದಿಲ್ಲ ಎಂದು ನಾನು ಪ್ರಮಾಣ ಮಾಡಲಾರೆ.

"ಕದ್ದವ್ಳೋ ಇಲ್ವೋ ಅದನ್ನ ಕೋರ್ಟು ನೋಡ್ಕತದೆ," ಎಂದರು ಪುಟ್ಟತಾಯಮ್ಮ. ಕಾಗದಗಳನ್ನು ನಿಧಾನವಾಗಿ ಒಂದರ ಮೇಲೊಂದು ಜೋಡಿಸಿದರು. "ನಾನು ಆವತ್ತು ಒಂದು ಮಾತು ಆಡ್ಬುಟ್ಟೆ. ಜನದ ಮುಂದೆ ಆಡ್ದೆ. ಈಗ ಒಳಗೊಳಗೇ ತಪ್ಪಾತು ಅಂದ್ರೆ ಆಯ್ತದಾ? ಜನದ ಮುಂದೇನೇ ಓಗಿ ನಿಂತ್ಕಬೇಕು. ಎಷ್ಟೊತ್ತಿಗೆ ಬರ್ಬೇಕು, ಹೇಳು."

ಶುಕ್ರವಾರ ಒಂಬತ್ತಕ್ಕೆ ನಾನು ಹಾಸನದ ಬಸ್ ನಿಲ್ದಾಣಕ್ಕೆ ಹೋದಾಗ ಪುಟ್ಟತಾಯಮ್ಮ ಆಗಲೇ ಬಂದು ಕಲ್ಲುಬೆಂಚಿನ ಮೇಲೆ ಕೂತಿದ್ದರು. ಇಡ್ಲಿ ತಿಂದು ಕೋರ್ಟಿಗೆ ನಡೆದೆವು. ಪಹಣಿಯಲ್ಲಿ ತಾಯಮ್ಮ ಎಂದಿತ್ತು, ಆಧಾರಿನಲ್ಲಿ ಪುಟ್ಟತಾಯಮ್ಮ. ಇಬ್ಬರೂ ಒಬ್ಬರೇ ಎಂದು ಪ್ರಮಾಣಪತ್ರ ಮಾಡಿಸುವಷ್ಟರಲ್ಲಿ ಹನ್ನೆರಡಾಯಿತು. ಇಂದಿರಾ ಮೇಡಂ ಕಾಗದಗಳನ್ನು ಎರಡು ಸಲ ನೋಡಿದರು. ಊಟದ ಬಿಡುವಿಗೆ ಸ್ವಲ್ಪ ಮುಂಚೆ ಹೆಸರು ಕೂಗಿದರು.

ನ್ಯಾಯಾಧೀಶರು ಕನ್ನಡಕ ಸರಿಮಾಡಿಕೊಂಡು ಕೇಳಿದರು, "ಆರೋಪಿ ಓಡಿಹೋದರೆ ನೀವು ಹೊಣೆ. ಗೊತ್ತೇನಮ್ಮ?"

"ಗೊತ್ತು ಸಾ. ಆರು ವರ್ಷದಿಂದ ಓಡೋಗಿದ್ಲು, ಈಗ ಸಿಕ್ಕವ್ಳೆ."

ಮೇಡಂ ಕಣ್ಣು ಮುಚ್ಚಿಕೊಂಡರು. ನ್ಯಾಯಾಧೀಶರು ತಲೆಯೆತ್ತಿ, "ಏನಾಗಬೇಕು ನಿಮಗೆ?" ಎಂದರು.

"ಸೊಸೆ, ಸಾ." ಆಮೇಲೆ, ಯಾರೂ ಕೇಳದಿದ್ದರೂ, ಕೋರ್ಟಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಹೇಳಿದರು. "ಒಳ್ಳೇವ್ಳು. ನನ್ ಮಗನ್ನ ಚೆನ್ನಾಗಿ ನೋಡ್ಕಂಡ್ಳು."

ನ್ಯಾಯಾಧೀಶರು ಒಂದು ಕ್ಷಣ ಅವರನ್ನೇ ನೋಡಿ ಸಹಿ ಹಾಕಿದರು.

ಬಿಡುಗಡೆ ಆದೇಶ ಜೈಲು ಮುಟ್ಟಿದಾಗ ನಾಲ್ಕು ದಾಟಿತ್ತು. ಐದೂಕಾಲಿಗೆ ಚಿಕ್ಕ ಬಾಗಿಲು ತೆರೆದು ಶಶಿಕಲಾ ತಲೆ ಬಗ್ಗಿಸಿ ಹೊರಗೆ ಬಂದಳು. ಅತ್ತೆಯನ್ನು ನೋಡಿ ಅಲ್ಲೇ ನಿಂತಳು. ಅಳುತ್ತಾರೆ, ತಬ್ಬಿಕೊಳ್ಳುತ್ತಾರೆ ಎಂದು ನಾನು ಕಾದೆ. ಅಂಥದ್ದೇನೂ ಆಗಲಿಲ್ಲ.

"ಬಡವಾಗ್ಬುಟ್ಟಿದ್ದೀಯ," ಎಂದರು ಪುಟ್ಟತಾಯಮ್ಮ.

"ನೀವೂ," ಎಂದಳು ಶಶಿಕಲಾ.

"ನಂಗೆ ವಯಸ್ಸಾತು. ನಡಿ, ಬಸ್ಸೈತೆ."

ಆಟೋ ಹಿಡಿದು ಮೂವರೂ ಬಸ್ ನಿಲ್ದಾಣಕ್ಕೆ ಬಂದೆವು. ಚನ್ನರಾಯಪಟ್ಟಣದ ಬಸ್ಸು ನಿಂತಿತ್ತು, ಕಾಲೇಜು ಮಕ್ಕಳಿಂದ ಅರ್ಧ ತುಂಬಿತ್ತು. ಮುಂದಿನ ವಾಯಿದೆಯ ದಿನವನ್ನು ಚೀಟಿಯಲ್ಲಿ ಬರೆದು ಶಶಿಕಲಾ ಕೈಗೆ ಕೊಡುತ್ತಿದ್ದೆ. ಅಷ್ಟರಲ್ಲಿ ಪುಟ್ಟತಾಯಮ್ಮ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತಿದ್ದರು. ಪಕ್ಕದ ಸೀಟಿನ ಮೇಲೆ ತಮ್ಮ ಚೀಲ ಇಟ್ಟಿದ್ದರು. ಒಬ್ಬ ಹುಡುಗಿ ಬಂದು ಅದನ್ನು ತೆಗೆಯಲು ಕೇಳಿದಳು.

"ಜನ ಅವ್ರೆ ಕಣವ್ವ," ಎಂದರು ಪುಟ್ಟತಾಯಮ್ಮ.

ಶಶಿಕಲಾ ಹತ್ತಿದಳು. ಮುದುಕಿ ಚೀಲವನ್ನು ತೊಡೆ ಮೇಲೆ ಎಳೆದುಕೊಂಡರು. ಬಸ್ಸು ಹಿಂದಕ್ಕೆ ಸರಿದು ತಿರುಗುವಾಗ ಅವರಿಬ್ಬರೂ ಪಕ್ಕಪಕ್ಕ ಕೂತು ಮುಂದಕ್ಕೆ ನೋಡುತ್ತಿದ್ದರು. ನನ್ನ ಕಡೆ ಯಾರೂ ತಿರುಗಲಿಲ್ಲ.